ಕಾವಲು ಹೆಚ್ಚಿದರೆ ಕಂಪ್ಯೂಟರ್ ಕ್ಷೇಮವೇ?

ಸೋಮನಾಥಪುರದ ಸುತ್ತಿನ ಊರುಗಳವರು ವಿದ್ಯಾರ್ಥಿವೇತನದ ಅರ್ಜಿಗೋ ಪ್ರಿಂಟಿಗೋ ಬನ್ನೂರು, ತಿ. ನರಸೀಪುರದ ಜೆರಾಕ್ಸ್ ಅಂಗಡಿಗಳಿಗೆ ಹೋಗುವುದು ಸಾಮಾನ್ಯ. ಹತ್ತಾರು ಜನ ಚುಚ್ಚಿದ ಕಂಪ್ಯೂಟರಿಗೇ ತಮ್ಮ ಪೆನ್‌ಡ್ರೈವನ್ನೂ ಚುಚ್ಚಿ, ಮನೆಗೆ ತಂದು ಲ್ಯಾಪ್‌ಟಾಪಿಗೆ ಹಾಕುತ್ತಾರೆ. ಆಧಾರ್ ಪ್ರತಿ, ಅಂಕಪಟ್ಟಿ, ಪಹಣಿ ಎಲ್ಲವೂ ಅದರೊಳಗೇ ಇರುವಾಗ ರಕ್ಷಣೆಯ ಚಿಂತೆ ಸಹಜ. ಆದರೆ ಆಂಟಿವೈರಸ್, ಕ್ಲೀನರ್, ಬೂಸ್ಟರ್ ಎಂದು ಒಂದರ ಮೇಲೊಂದು ಹಾಕಿಕೊಳ್ಳುವುದು ಅದಕ್ಕೆ ಮದ್ದಲ್ಲ. ಇಂಥ ತಂತ್ರಾಂಶಗಳು ಕಂಪ್ಯೂಟರಿನ ಮೂಲೆಮೂಲೆಗೂ ಹೋಗುವ ಅಧಿಕಾರ ಕೇಳುತ್ತವೆ. ಕಾಯುತ್ತೇನೆಂದು ಬಂದವರಿಗೆಲ್ಲ ಮನೆಯ ಬೀಗದ ಕೈ ಕೊಟ್ಟಂತಾಗುತ್ತದೆ. ಹಾಕುವುದು ಕಡಿಮೆಯಾದಷ್ಟೂ ಕ್ಷೇಮ ಹೆಚ್ಚು.

ತಪ್ಪು ಕಲ್ಪನೆ: ವಿಂಡೋಸ್ ಜೊತೆಗೆ ಬರುವ ರಕ್ಷಣೆ ಸಾಲದು, ದುಡ್ಡು ಕೊಟ್ಟದ್ದೇ ಗಟ್ಟಿ.

ಸತ್ಯ: 2012ರಲ್ಲಿ ಬಂದ ವಿಂಡೋಸ್ 8ರಿಂದಲೇ ಡಿಫೆಂಡರ್ ಎಂಬ ಪೂರ್ಣ ಆಂಟಿವೈರಸ್ ಒಳಗೇ ಇದೆ. ಜರ್ಮನಿಯ ಎವಿ-ಟೆಸ್ಟ್ ಎಂಬ ಸ್ವತಂತ್ರ ಸಂಸ್ಥೆಯ ಪರೀಕ್ಷೆಗಳಲ್ಲಿ ಅದು ಈಚಿನ ವರ್ಷಗಳಲ್ಲಿ ಹಣ ಕೊಟ್ಟು ಕೊಳ್ಳುವವುಗಳ ಸಾಲಿನಲ್ಲೇ ನಿಂತಿದೆ. ಹಾಗಾದರೆ ಕ್ವಿಕ್ ಹೀಲ್, ಕೆ7ನಂಥ ನಮ್ಮ ದೇಶದ ತಂತ್ರಾಂಶಗಳು ವ್ಯರ್ಥವೇ ಎಂದು ಕೇಳಬಹುದು. ಖಂಡಿತ ಅಲ್ಲ. ಹಲವು ಕಂಪ್ಯೂಟರುಗಳನ್ನು ಒಂದೇ ಕಡೆಯಿಂದ ನೋಡಿಕೊಳ್ಳಬೇಕಾದ ಶಾಲೆ, ಸಂಘಗಳಿಗೆ ಅಂಥವು ಉಪಯುಕ್ತ. ಮನೆಯ ಒಂದು ಲ್ಯಾಪ್‌ಟಾಪಿಗೆ ಡಿಫೆಂಡರ್ ಸಾಕು. ನಿಜವಾದ ಅಪಾಯವಿರುವುದು ‘ಕ್ರ್ಯಾಕ್’ ಮಾಡಿದ ಆಂಟಿವೈರಸ್‌ನಲ್ಲಿ. ಅದರ ಜೊತೆಗಿರುವ ಸೂಚನೆಯಲ್ಲಿ ಸಾಮಾನ್ಯವಾಗಿ ‘ಮೊದಲು ಡಿಫೆಂಡರ್ ಆಫ್ ಮಾಡಿ’ ಎಂದಿರುತ್ತದೆ. ಕಳ್ಳ ಒಳಬರುವ ಮುನ್ನ ಕೇಳುವುದೂ ಅದನ್ನೇ.

ತಪ್ಪು ಕಲ್ಪನೆ: ಕ್ಲೀನರ್ ಹಾಕಿದರೆ ಕಂಪ್ಯೂಟರಿನ ಆರೋಗ್ಯ ಸುಧಾರಿಸುತ್ತದೆ.

ಸತ್ಯ: ಜಗತ್ತಿನಾದ್ಯಂತ ಹೆಸರಾಗಿದ್ದ ಸಿಕ್ಲೀನರ್‌ನ 5.33ನೇ ಆವೃತ್ತಿಯೊಳಗೆ 2017ರಲ್ಲಿ ದಾಳಿಕೋರರು ದುಷ್ಟ ಸಂಕೇತ ಸೇರಿಸಿದ್ದರು. ಅಧಿಕೃತ ತಾಣದಿಂದಲೇ ಇಳಿಸಿಕೊಂಡ 22 ಲಕ್ಷಕ್ಕೂ ಹೆಚ್ಚು ಕಂಪ್ಯೂಟರುಗಳಿಗೆ ಅದು ಸೇರಿತು. ಉಚಿತ ‘ತಪಾಸಣೆ’ಗಳ ಕಥೆ ಇನ್ನೊಂದು ಬಗೆಯದು. ಅಮೆರಿಕದ ಆಫೀಸ್ ಡಿಪೋ ಅಂಗಡಿಗಳಲ್ಲಿ ಗ್ರಾಹಕರಿಗೆ ಮೊದಲು ನಾಲ್ಕು ಪ್ರಶ್ನೆ ಕೇಳುತ್ತಿದ್ದರು. ಒಂದಕ್ಕೆ ‘ಹೌದು’ ಎಂದರೂ ತಂತ್ರಾಂಶ ವೈರಸ್ ಲಕ್ಷಣ ಇದೆಯೆಂದೇ ತೋರಿಸುತ್ತಿತ್ತು ಎಂಬುದು ಅಲ್ಲಿನ ಫೆಡರಲ್ ಟ್ರೇಡ್ ಕಮಿಷನ್‌ನ ಆರೋಪ. ಆ ಕಂಪನಿ ಮತ್ತು ತಂತ್ರಾಂಶ ಒದಗಿಸಿದವರು 2019ರಲ್ಲಿ ಒಟ್ಟು 3.5 ಕೋಟಿ ಡಾಲರ್ ಕೊಟ್ಟು ಮೊಕದ್ದಮೆ ಮುಗಿಸಿಕೊಂಡರು. ಕ್ಲೀನರ್ ಹಾಕಿದ ಮೇಲೆ ವೇಗ ಹೆಚ್ಚಿತು ಎನ್ನುವವರ ಅನುಭವ ಸುಳ್ಳಲ್ಲ. ಆದರೆ ಆ ವೇಗ ಹೆಚ್ಚಾಗಿ ಬಂದಿರುವುದು ಕಂಪ್ಯೂಟರ್ ತೆರೆದ ಕೂಡಲೇ ತಾವಾಗಿ ಓಡುವ ಪ್ರೋಗ್ರಾಮುಗಳು ನಿಂತದ್ದರಿಂದ. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿ, ಟಾಸ್ಕ್ ಮ್ಯಾನೇಜರಿನ ‘ಸ್ಟಾರ್ಟಪ್’ ಪಟ್ಟಿಯಲ್ಲಿ ಬೇಡದವನ್ನು ನಿಲ್ಲಿಸಿದರೆ ಅಷ್ಟೇ ಫಲ ಸಿಗುತ್ತದೆ, ಖರ್ಚಿಲ್ಲದೆ.

ತಪ್ಪು ಕಲ್ಪನೆ: ಅಪ್‌ಡೇಟ್ ಎಂದರೆ ಬರೀ ಡೇಟಾ ಖರ್ಚು.

ಸತ್ಯ: ಕಡತಗಳಿಗೆ ಬೀಗ ಹಾಕಿ ಹಣ ಕೇಳುತ್ತಿದ್ದ ವಾನಾಕ್ರೈ ಎಂಬ ದುಷ್ಟ ತಂತ್ರಾಂಶದ ಹಾವಳಿ ಎದ್ದದ್ದು 2017ರ ಮೇ 12ರಂದು. ಅದು ನುಗ್ಗಿದ ಕಿಂಡಿಯನ್ನು ಮುಚ್ಚುವ ಅಪ್‌ಡೇಟನ್ನು ಮೈಕ್ರೋಸಾಫ್ಟ್ ಮಾರ್ಚ್ 14ರಂದೇ ಕೊಟ್ಟಿತ್ತು. ಮೊಬೈಲ್ ಹಾಟ್‌ಸ್ಪಾಟ್ ನಂಬಿದ ಮನೆಗಳಲ್ಲಿ ಡೇಟಾದ ಚಿಂತೆ ನ್ಯಾಯವಾದದ್ದೇ. ಅಂಥವರು ವೈಫೈ ಸಿಕ್ಕಾಗ ಹಾಕಿಕೊಳ್ಳಲಿ, ಆದರೆ ಪೂರ್ತಿ ನಿಲ್ಲಿಸಬಾರದು. ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲವೇ 2025ರ ಅಕ್ಟೋಬರ್ 14ಕ್ಕೆ ಮುಗಿದಿರುವುದರಿಂದ ಹಳೆಯ ಕಂಪ್ಯೂಟರ್ ಇರುವವರು ಮುಂದಿನ ದಾರಿಯನ್ನು ಬೇಗ ನಿರ್ಧರಿಸುವುದು ಒಳ್ಳೆಯದು.

ತಪ್ಪು ಕಲ್ಪನೆ: ಪೆನ್‌ಡ್ರೈವಿಗೆ ವೈರಸ್ ಬಂದರೆ ಫಾರ್ಮ್ಯಾಟ್ ಮಾಡುವುದೊಂದೇ ದಾರಿ.

ಸತ್ಯ: ‘ಶಾರ್ಟ್‌ಕಟ್ ವೈರಸ್’ ಬಂದ ಪೆನ್‌ಡ್ರೈವ್ ತೆರೆದರೆ ಫೋಲ್ಡರುಗಳ ಜಾಗದಲ್ಲಿ ಮೂಲೆಯಲ್ಲಿ ಪುಟ್ಟ ಬಾಣದ ಗುರುತಿರುವ ಚಿತ್ರಗಳಷ್ಟೇ ಕಾಣುತ್ತವೆ. ಅವನ್ನು ಒತ್ತಿದರೆ ವೈರಸ್ ಓಡುತ್ತದೆ. ನಿಮ್ಮ ಕಡತಗಳು ಸಾಮಾನ್ಯವಾಗಿ ಅಳಿದಿರುವುದಿಲ್ಲ, ಮರೆಯಾಗಿರುತ್ತವೆ ಅಷ್ಟೆ. ಗಾಬರಿಯಲ್ಲಿ ಫಾರ್ಮ್ಯಾಟ್ ಮಾಡಿದರೆ ವೈರಸ್ ಉಳಿಸಿದ್ದನ್ನು ನಾವೇ ಅಳಿಸಿದಂತೆ. ಮೊದಲು ಡಿಫೆಂಡರ್‌ನಿಂದ ಸ್ಕ್ಯಾನ್ ಮಾಡಬೇಕು, ಆಮೇಲೆ ಮರೆಯಾದವನ್ನು ವಿಂಡೋಸಿನ ‘ಆಟ್ರಿಬ್’ ಆದೇಶದಿಂದ ಹೊರತರಬಹುದು. ಕೇಂದ್ರ ಸರ್ಕಾರ 2017ರಲ್ಲಿ ಆರಂಭಿಸಿದ ಸೈಬರ್ ಸ್ವಚ್ಛತಾ ಕೇಂದ್ರದಲ್ಲೂ ಉಚಿತ ಶುದ್ಧೀಕರಣ ಸಾಧನಗಳಿವೆ.

ಹೊಸ ತಂತ್ರಾಂಶ ಹಾಕುವ ಮುನ್ನ ಮೂರು ವಿಷಯ ವಿಚಾರಿಸಿ: ಮಾಡಿದವರು ಯಾರು, ಅವರಿಗೆ ದುಡ್ಡು ಎಲ್ಲಿಂದ ಬರುತ್ತದೆ, ಈ ಕೆಲಸ ವಿಂಡೋಸಿನಲ್ಲೇ ಆಗುವುದಿಲ್ಲವೇ. ಸರಿಯಾದ ಉತ್ತರ ಸಿಗದಿದ್ದರೆ ಹಾಕಬೇಡಿ. ಅದಕ್ಕೆ ಕೊಡಬೇಕಿದ್ದ ದುಡ್ಡಿನಲ್ಲಿ ಒಂದು ಹಾರ್ಡ್‌ಡಿಸ್ಕ್ ಕೊಂಡು, ಕಾಗದಪತ್ರಗಳ ಇನ್ನೊಂದು ಪ್ರತಿಯನ್ನು ಅದರಲ್ಲಿಟ್ಟು, ಬಳಸದಾಗ ಕಂಪ್ಯೂಟರಿನಿಂದ ಬಿಡಿಸಿಡಿ. ವೈರಸ್, ಕಳ್ಳತನ, ಕೆಟ್ಟ ಡಿಸ್ಕ್ ಈ ಮೂರರಿಂದಲೂ ನಿಮ್ಮ ದಾಖಲೆಗಳನ್ನು ಉಳಿಸಿಕೊಡುವ ಉಪಾಯ ಇದು, ಯಾವ ಆಂಟಿವೈರಸ್ಸೂ ಕೊಡಲಾರದ ಭದ್ರತೆ.