ಕಗ್ಗ ಕೊಯ್ದ ಮೇಲೆ ಶೆಟ್ಲಿ

ಶಿರಸಿಯ ಕಡೆ ಹುಟ್ಟುವ ಅಘನಾಶಿನಿ ಹೊಳೆಗೆ ದಾರಿಯಲ್ಲಿ ಎಲ್ಲೂ ದೊಡ್ಡ ಅಣೆಕಟ್ಟು ಅಡ್ಡ ಬಂದಿಲ್ಲ. ತದಡಿಯಲ್ಲಿ ಸಮುದ್ರ ಸೇರುವ ಮೊದಲು ಅದು ಕುಮಟಾ ತಾಲ್ಲೂಕಿನಲ್ಲಿ ಅಗಲವಾಗಿ ಹರಡಿಕೊಳ್ಳುತ್ತದೆ. ಭರತದ ಉಪ್ಪು ನೀರು ಏರಿ ಇಳಿಯುವ ಇಲ್ಲಿನ ತಗ್ಗು ಗದ್ದೆಗಳೇ ಗಜನಿ. ಮಾಣಿಕಟ್ಟಾ, ಕಾಗಾಲ, ಹೆಗಡೆ, ಮಾಸೂರಿನ ಎಷ್ಟೋ ಮನೆಗಳಿಗೆ ಅನ್ನವೂ ಮೀನೂ ಒಂದೇ ಗದ್ದೆಯಿಂದ ಬರುತ್ತಿದ್ದವು.

ಜೂನ್ ಮಳೆಗೆ ಮಣ್ಣಿನ ಉಪ್ಪು ತೊಳೆದುಹೋದ ಮೇಲೆ ಮೊಳಕೆ ಬರಿಸಿದ ಕಗ್ಗದ ಬೀಜ ಎರಚುತ್ತಾರೆ. ಕಗ್ಗ ಉಪ್ಪು ತಡೆಯುವ ಭತ್ತ. ನೆರೆಯಲ್ಲಿ ದಿನಗಟ್ಟಲೆ ಮುಳುಗಿದರೂ ಮತ್ತೆ ತಲೆ ಎತ್ತುತ್ತದೆ. ಗೊಬ್ಬರ ಕೊಡುವುದಿಲ್ಲ, ಹೊಳೆ ತಂದ ಮೆಕ್ಕಲೇ ಸಾಕು. ಕೊಯ್ಲಿನಲ್ಲಿ ತೆನೆಯನ್ನಷ್ಟೇ ಕೊಯ್ದು ಹುಲ್ಲನ್ನು ನೀರಿನಲ್ಲೇ ಬಿಡುತ್ತಾರೆ. ಘಟ್ಟದ ಮೇಲಿನ ರೈತನಿಗೆ ಇದು ಶುದ್ಧ ದಂಡ ಅನ್ನಿಸೀತು. ಗಜನಿಯ ಲೆಕ್ಕವೇ ಬೇರೆ. ಕೊಯ್ಲು ಮುಗಿದು ಗದ್ದೆಯ ಸುತ್ತಲಿನ ಕಟ್ಟೆಯ ಹಲಗೆ ಬಾಗಿಲು ಎತ್ತಿದರೆ ಭರತದ ಜೊತೆ ಶೆಟ್ಲಿ (ಸೀಗಡಿ) ಮರಿ, ಮೀನು ಮರಿ, ಏಡಿ ಒಳಗೆ ಬರುತ್ತವೆ. ಕೊಳೆಯುವ ಹುಲ್ಲಿನ ಸುತ್ತ ಅವಕ್ಕೆ ಬೇಕಾದಷ್ಟು ಮೇವು. ಇಳಿತಕ್ಕೆ ಅದೇ ಬಾಗಿಲಿಗೆ ಬಲೆ ಕಟ್ಟುತ್ತಾರೆ.

ಗದ್ದೆ ಇಲ್ಲದವರಿಗೂ ಹೊಳೆ ಇದೆ. ಇಳಿತ ನೋಡಿಕೊಂಡು ಹೆಂಗಸರೂ ಗಂಡಸರೂ ನೀರಿಗಿಳಿದು ಬಳಚು ಎಂಬ ಚಿಪ್ಪುಮೀನು ಹೆಕ್ಕುತ್ತಾರೆ. ಅದು ಗೋವಾದವರೆಗೂ ಹೋಗಿ ಮಾರಾಟವಾಗುತ್ತದೆ. ಬೇಸಿಗೆಯಲ್ಲಿ ಸಾಣಿಕಟ್ಟಾದ ಉಪ್ಪಿನಾಗರದಲ್ಲೂ ಕೂಲಿ.

ಗದ್ದೆಯಲ್ಲಿ ಭತ್ತದ ಮೇಲೆ ಮೀನು ಎಂಬ ಸರದಿ ಕೆಟ್ಟದ್ದು ಶೆಟ್ಲಿಗೆ ರಫ್ತಿನ ಬೆಲೆ ಬಂದ ಮೇಲೆ. ಮೀನಿನ ಹಕ್ಕನ್ನು ಗುತ್ತಿಗೆಗೆ ಕೊಟ್ಟರೆ ಭತ್ತಕ್ಕಿಂತ ಹೆಚ್ಚು ದುಡ್ಡು, ಅದೂ ಕೈ ಕೆಸರಾಗದೆ. ಗುತ್ತಿಗೆ ಹಿಡಿದವನಿಗೆ ಉಪ್ಪು ನೀರು ವರ್ಷವಿಡೀ ನಿಂತಿರಬೇಕು, ಕಗ್ಗಕ್ಕೆ ಬಿತ್ತನೆಯ ಹೊತ್ತಿಗಾದರೂ ಸಿಹಿನೀರು ಬೇಕು. ಎಷ್ಟೋ ಗಜನಿಗಳಲ್ಲಿ ಬಿತ್ತನೆ ನಿಂತಿತು. 1990ರ ದಶಕದ ಮಧ್ಯದಲ್ಲಿ ಬಿಳಿಚುಕ್ಕೆ ರೋಗ ಭಾರತದ ಶೆಟ್ಲಿ ಸಾಕಣೆಗೆ ಬಡಿದಾಗ ತಿರುಗಿ ಭತ್ತಕ್ಕೆ ಬರುವುದು ಸುಲಭವಿರಲಿಲ್ಲ. ಗಜನಿಯಲ್ಲಿ ಒಬ್ಬನೇ ಬೇಸಾಯ ಮಾಡಲಾಗದು. ಕಟ್ಟೆ ಎಲ್ಲರದು, ಒಬ್ಬ ಬಾಗಿಲು ತೆರೆದರೆ ಪಕ್ಕದವನ ಸಸಿಗೂ ಉಪ್ಪು. ರೈತರು ಬೇಸಾಯ ಬಿಟ್ಟರು ಎಂದು ಬೈಯುವವರು ಇದನ್ನು ಮರೆಯುತ್ತಾರೆ: ಬಿಟ್ಟವರಲ್ಲಿ ಹಲವರಿಗೆ ಆಯ್ಕೆಯೇ ಇರಲಿಲ್ಲ.

2024ರ ಜನವರಿಯಲ್ಲಿ ಅಘನಾಶಿನಿ ಅಳಿವೆ ಮಹತ್ವದ ಜೌಗು ಪ್ರದೇಶಗಳ ಅಂತರರಾಷ್ಟ್ರೀಯ ರಾಮ್ಸಾರ್ ಪಟ್ಟಿಗೆ ಸೇರಿತು. ಆ ಗೌರವದಿಂದ ಒಡೆದ ಕಟ್ಟೆ ರಿಪೇರಿಯಾಗುವುದಿಲ್ಲ. ಮಾಣಿಕಟ್ಟಾದ ಕಡೆ ಇನ್ನೂ ಒಟ್ಟಾಗಿ ಕಗ್ಗ ಬಿತ್ತುವವರಿದ್ದಾರೆ. ಬೀಜ ಬೇಕಾದವರು ಅವರ ಮನೆಗೇ ಹೋಗಿ ಕೇಳಬೇಕು, ಅಂಗಡಿಯಲ್ಲಿ ಸಿಗುವಂಥದ್ದಲ್ಲ.