ಮೊದಲು ಅಕ್ಷರಕ್ಕೆ ಜಾಗ ಕೊಡಿ

ವೆಬ್ ಪುಟ ವಿನ್ಯಾಸ ಮಾಡುವುದನ್ನು ಕಲಿಯಲು ಹೊರಟವರು ಹೆಚ್ಚಾಗಿ ಬಣ್ಣದಿಂದ ಶುರುಮಾಡುತ್ತಾರೆ. ಇಲ್ಲವೇ ಸಿದ್ಧ ಟೆಂಪ್ಲೇಟ್ ಒಂದನ್ನು ಇಳಿಸಿಕೊಂಡು, ಅದರಲ್ಲಿರುವ ‘ಲೋರೆಮ್ ಇಪ್ಸಮ್’ ಅಳಿಸಿ ತಮ್ಮ ಬರಹ ತುಂಬುತ್ತಾರೆ. ಕನ್ನಡದಲ್ಲಿ ಎಡವುವುದು ಅಲ್ಲೇ. ಲೋರೆಮ್ ಇಪ್ಸಮ್ ಎಂದರೆ ಸಿಸೆರೊ ಬರೆದ ಲ್ಯಾಟಿನ್ ಗ್ರಂಥದ ಸಾಲುಗಳನ್ನು ಕತ್ತರಿಸಿ ಕಲಸಿದ ಅರ್ಥವಿಲ್ಲದ ಪಠ್ಯ. ಜಾಗ ತುಂಬಿ ತೋರಿಸುವುದಷ್ಟೇ ಅದರ ಕೆಲಸ. ಅದರಲ್ಲಿ ಒತ್ತಕ್ಷರವಿಲ್ಲ, ಗುಡಿಸಿಲ್ಲ, ಕೊಂಬಿಲ್ಲ. ಅದರ ಅಳತೆಗೆ ಹೊಲಿದ ಸಾಲುಗಳಲ್ಲಿ ‘ರಾಷ್ಟ್ರ’ವೋ ‘ಸ್ತ್ರೀ’ಯೋ ಬಂದು ಕೂತರೆ, ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ತಲೆಕಟ್ಟಿಗೆ ತಾಗುತ್ತದೆ. ಆದ್ದರಿಂದ ಹೊಸಬರಿಗೆ ನಾನು ಹೇಳುವುದು ಒಂದೇ ಮಾತು: ನಿಜವಾದ ಕನ್ನಡ ಬರಹವನ್ನು ಕೈಯಲ್ಲಿ ಇಟ್ಟುಕೊಂಡೇ ಕೆಲಸಕ್ಕೆ ಕೂರಿ.

ಅಭ್ಯಾಸಕ್ಕೆ ಒಂದು ಯಕ್ಷಗಾನ ಮೇಳದ ತಿರುಗಾಟದ ಪಟ್ಟಿಯನ್ನು ತೆಗೆದುಕೊಳ್ಳೋಣ. ದೀಪಾವಳಿ ಕಳೆದ ಮೇಲೆ ಹೊರಟು ಮೇ ತಿಂಗಳ ಪತ್ತನಾಜೆಯ ದಿನ ಗೆಜ್ಜೆ ಬಿಚ್ಚಿ ತಿರುಗಾಟ ಮುಗಿಸುವವರೆಗೆ ಮೇಳ ಹೆಚ್ಚುಕಡಿಮೆ ದಿನಕ್ಕೊಂದು ಊರಿನಲ್ಲಿ ಇರುತ್ತದೆ. ದಿನಾಂಕ, ಊರು, ಪ್ರಸಂಗ, ಹೊತ್ತು ಎಂಬ ನಾಲ್ಕೇ ಸಂಗತಿ, ಆದರೆ ನೂರಾರು ಸಾಲು. ವಿನ್ಯಾಸದ ಕಷ್ಟಗಳೆಲ್ಲ ಇದರೊಳಗೇ ಸಿಗುತ್ತವೆ.

ಕಂಪ್ಯೂಟರ್ ಆಮೇಲೆ. ಮೊದಲು ಒಂದು ಬಿಳಿ ಹಾಳೆ, ಒಂದು ಪೆನ್ಸಿಲ್. ಪತ್ರಿಕೆಯಲ್ಲಿ ಪುಟ ಕಟ್ಟುವವರು ಡಮ್ಮಿ ಹಾಕುವ ಹಾಗೆ, ಯಾವುದು ಎಲ್ಲಿ ಎಂದು ಚೌಕ ಬರೆದು ನೋಡಿ. ಹಳೆಯ ಕರಪತ್ರದಲ್ಲಿ ಮೇಲೆ ದೇವರ ಹೆಸರು, ಅದರ ಕೆಳಗೆ ಮೇಳದ ಹೆಸರು, ನಡುವೆ ದಪ್ಪಕ್ಷರದಲ್ಲಿ ಪ್ರಸಂಗ. ಆ ಕರಪತ್ರ ಹಂಚುತ್ತಿದ್ದುದು ಯಕ್ಷಗಾನದ ಆಟ ನಡೆಯುವ ಊರಿನಲ್ಲೇ, ಆಟ ಎಲ್ಲಿ ಎಂದು ಯಾರೂ ಕೇಳಬೇಕಾಗಿರಲಿಲ್ಲ. ವೆಬ್ ಪುಟ ತೆರೆಯುವವರ ಪ್ರಶ್ನೆಯೇ ಬೇರೆ. ಬಸ್ ಸ್ಟ್ಯಾಂಡಿನಲ್ಲಿ ನಿಂತು ಅವರು ಕೇಳುವುದು, ‘ಇವತ್ತು ಆಟ ಎಲ್ಲಿ?’ ಹಾಗಾಗಿ ಇಲ್ಲಿ ಊರಿನ ಹೆಸರೇ ಎಲ್ಲಕ್ಕಿಂತ ದೊಡ್ಡದಾಗಬೇಕು, ಆಮೇಲೆ ಹೊತ್ತು, ಆಮೇಲೆ ಪ್ರಸಂಗ. ದೇವರ ಚಿತ್ರ ಮೇಲೆ ಚಿಕ್ಕದಾಗಿ ಇರಲಿ, ಪರದೆ ತುಂಬುವುದು ಬೇಡ. ಓದುವವರ ಪ್ರಶ್ನೆಗೆ ತಕ್ಕಂತೆ ಗಾತ್ರದ ಅಂತಸ್ತು ಕಟ್ಟುವುದೇ ಗ್ರಾಫಿಕ್ ವಿನ್ಯಾಸದ ಬುಡ. ಇದು ಕೈಗೆ ಹತ್ತಿದರೆ ಅರ್ಧ ಕಲಿತಂತೆ.

ಇನ್ನರ್ಧ ಖಾಲಿ ಜಾಗದ್ದು. ಒಂದೇ ಆಟಕ್ಕೆ ಸೇರಿದ ಊರು, ಹೊತ್ತು, ಪ್ರಸಂಗಗಳು ಒತ್ತೊತ್ತಾಗಿ ಇರಲಿ, ಒಂದು ಆಟಕ್ಕೂ ಮುಂದಿನದಕ್ಕೂ ನಡುವೆ ಈ ಒಳಗಿನ ಅಂತರದ ಎರಡು ಮೂರು ಪಟ್ಟು ಜಾಗ ಇರಲಿ. ಆಗ ಗೆರೆ ಎಳೆಯುವುದೇ ಬೇಡ, ಕಣ್ಣು ತಾನೇ ಗುಂಪು ಮಾಡಿಕೊಳ್ಳುತ್ತದೆ. ಕಣ್ಣನ್ನು ಅರೆ ಮುಚ್ಚಿ ಪುಟ ನೋಡಿ. ಮಸುಕಿನಲ್ಲೂ ಗುಂಪುಗಳು ಬೇರೆ ಬೇರೆಯಾಗಿ ಕಂಡರೆ ಅಂತರ ಸರಿಯಾಗಿದೆ.

ಈಗ ಅಕ್ಷರ. ಮುದ್ರಣಾಲಯದಿಂದ ಬಂದ ಕರಪತ್ರದ ಕಡತ ಹೆಚ್ಚಾಗಿ ‘ನುಡಿ’ ಅಥವಾ ‘ಬರಹ’ ತಂತ್ರಾಂಶದ ಹಳೆಯ ಫಾಂಟುಗಳಲ್ಲಿ ಇರುತ್ತದೆ. ಆ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಆಕಾರ ಕೂರಿಸಿದಂಥವು. ಫಾಂಟ್ ಇಲ್ಲದ ಫೋನಿನಲ್ಲಿ ‘ಶ್ರೀದೇವಿ ಮಹಾತ್ಮೆ’ ಎಂಬ ಪ್ರಸಂಗದ ಹೆಸರು ಅರ್ಥವಾಗದ ಇಂಗ್ಲಿಷ್ ಚಿಹ್ನೆಗಳಾಗಿ ಬಿಡುತ್ತದೆ. ಯೂನಿಕೋಡ್‌ನಲ್ಲಿ ಕನ್ನಡಕ್ಕೆ 1991ರ ಮೊದಲ ಆವೃತ್ತಿಯಿಂದಲೇ ಸ್ವಂತ ಜಾಗವಿದೆ. ಬರಹವನ್ನು ಮೊದಲು ಅದಕ್ಕೆ ಪರಿವರ್ತಿಸಿ, ಒಂದೊಂದೇ ಸಾಲು ಓದಿ ನೋಡಿ. ಪರಿವರ್ತನೆಯಲ್ಲಿ ಅರ್ಕಾವತ್ತು ತಪ್ಪುವುದುಂಟು.

ಉಚಿತವಾಗಿ ಸಿಗುವ ಒಳ್ಳೆಯ ಫಾಂಟುಗಳು ಈಗ ಸಾಕಷ್ಟಿವೆ: ನೋಟೋ ಸಾನ್ಸ್ ಕನ್ನಡ, ನೋಟೋ ಸೆರಿಫ್ ಕನ್ನಡ, ಟಿರೋ ಕನ್ನಡ, ಬಾಲೂ ತಮ್ಮ, ಅನೇಕ್ ಕನ್ನಡ. ಒಂದು ಪುಟಕ್ಕೆ ಎರಡು ಸಾಕು, ಹೊಸಬರಿಗೆ ಒಂದೇ ಇದ್ದರೂ ಒಳ್ಳೆಯದೇ. ಅನೇಕ್ ನನಗೆ ವಿಶೇಷವಾಗಿ ಇಷ್ಟ. ಅದರ ದಪ್ಪವನ್ನಷ್ಟೇ ಅಲ್ಲ, ಅಗಲವನ್ನೂ ಹಿಗ್ಗಿಸಿ ಕುಗ್ಗಿಸಬಹುದು. ‘ಹೆಬ್ರಿ’ ಎಂಬ ಊರಿನ ಹೆಸರು ಹಿಡಿಯುವ ಚೌಕದಲ್ಲೇ ‘ಶಂಕರನಾರಾಯಣ’ವೂ ಹಿಡಿಯಬೇಕಾದಾಗ ಇದರ ಬೆಲೆ ತಿಳಿಯುತ್ತದೆ.

ಗಾತ್ರದ ವಿಷಯದಲ್ಲಿ ಜಿಪುಣತನ ಬೇಡ. ಬ್ರೌಸರ್ ತಾನಾಗಿ ಕೊಡುವುದು 16 ಪಿಕ್ಸೆಲ್. ಕನ್ನಡದ ಓದಿಗೆ ನಾನು 18 ಇಡುತ್ತೇನೆ. ಸಾಲಿನ ಎತ್ತರ, ಅಂದರೆ ಲೈನ್-ಹೈಟ್, ಇಂಗ್ಲಿಷ್ ಪುಟಗಳಲ್ಲಿ 1.5 ಇದ್ದರೆ ಕನ್ನಡಕ್ಕೆ 1.7ರಿಂದ 1.8 ಬೇಕು. ಕನ್ನಡದ ಬರಹ ಮೇಲೂ ಬೆಳೆಯುತ್ತದೆ, ಕೆಳಗೂ ಇಳಿಯುತ್ತದೆ. ಆ ಎರಡಕ್ಕೂ ಉಸಿರಾಡಲು ಜಾಗ ಬೇಕು. ಲೆಟರ್-ಸ್ಪೇಸಿಂಗ್ ಸೊನ್ನೆಯಲ್ಲೇ ಇರಲಿ, ಅಕ್ಷರ ಬಿಡಿಸಿಟ್ಟರೆ ಪದ ಒಡೆದಂತೆ ಕಾಣುತ್ತದೆ. ಇಂಗ್ಲಿಷಿನವರು ಒತ್ತಿ ಹೇಳಲು ಬಳಸುವ ಓರೆ ಅಕ್ಷರವೂ ನಮ್ಮ ದುಂಡು ಲಿಪಿಗೆ ಒಗ್ಗುವುದಿಲ್ಲ. ದಪ್ಪ ಮಾಡಿ, ಇಲ್ಲವೇ ಬಣ್ಣ ಬದಲಿಸಿ. ಎರಡೂ ಅಂಚು ಸಮ ಮಾಡಲು ಹೋಗಬೇಡಿ. ನಮ್ಮ ಪದಗಳು ಉದ್ದ, ಫೋನಿನ ಕಿರಿದಾದ ಸಾಲಿನಲ್ಲಿ ಎರಡು ಪದದ ನಡುವೆ ಹೊಂಡ ಬೀಳುತ್ತದೆ. ಎಡ ಅಂಚು ನೇರವಾಗಿದ್ದರೆ ಸಾಕು.

ಬಣ್ಣಕ್ಕೆ ಬಂದರೆ, ಒಂದು ಲೆಕ್ಕ ಗೊತ್ತಿರಲಿ. ವೆಬ್ ಸುಗಮತೆಯ ಅಂತಾರಾಷ್ಟ್ರೀಯ ಮಾರ್ಗಸೂಚಿಯ ಪ್ರಕಾರ ಅಕ್ಷರಕ್ಕೂ ಹಿನ್ನೆಲೆಗೂ ಬೆಳಕಿನ ವ್ಯತ್ಯಾಸ ಕನಿಷ್ಠ 4.5ಕ್ಕೆ 1 ಇರಬೇಕು, ದೊಡ್ಡ ಅಕ್ಷರಕ್ಕೆ 3ಕ್ಕೆ 1. ರಾಜ್ಯೋತ್ಸವದ ಪುಟಗಳಲ್ಲಿ ನಾವೆಲ್ಲ ಪ್ರೀತಿಯಿಂದ ಬಳಸುವ ಜೋಡಿಯನ್ನೇ ನೋಡಿ. ಅಪ್ಪಟ ಹಳದಿಯ ಮೇಲೆ ಅಪ್ಪಟ ಕೆಂಪು ಬರೆದರೆ ಸಿಗುವುದು ಸುಮಾರು 3.7. ಶೀರ್ಷಿಕೆಗೆ ನಡೆಯುತ್ತದೆ, ಸಣ್ಣ ಅಕ್ಷರಕ್ಕೆ ಸಾಲದು. ಕೆಂಪನ್ನು ಗಾಢ ಮಾಡಿದರೆ ಅದೇ ಜೋಡಿ 6ನ್ನು ದಾಟುತ್ತದೆ, ಅಂದವೂ ಕೆಡುವುದಿಲ್ಲ.

ಇಷ್ಟಾದ ಮೇಲೆ ಎಚ್‌ಟಿಎಂಎಲ್ ಮತ್ತು ಸಿಎಸ್‌ಎಸ್ ಕಲಿಯಿರಿ. ಮೊದಲನೆಯದು ಯಾವುದು ಶೀರ್ಷಿಕೆ, ಯಾವುದು ಪಟ್ಟಿ ಎಂದು ಹೇಳುತ್ತದೆ. 1996ರಲ್ಲಿ ಮಾನಕವಾದ ಎರಡನೆಯದು ಅವು ಹೇಗೆ ಕಾಣಬೇಕೆಂದು ಹೇಳುತ್ತದೆ. 2017ರಿಂದ ಮುಖ್ಯ ಬ್ರೌಸರ್‌ಗಳಲ್ಲೆಲ್ಲ ಬಂದ ಸಿಎಸ್‌ಎಸ್ ಗ್ರಿಡ್‌ನಿಂದಾಗಿ ಹಾಳೆಯ ಮೇಲೆ ಬರೆದ ಚೌಕಗಳನ್ನು ಬಹುಮಟ್ಟಿಗೆ ಹಾಗೇ ಪರದೆಗೆ ಇಳಿಸಬಹುದು. ಕಂಪ್ಯೂಟರಿನಲ್ಲಿ ನಾಲ್ಕು ಕಂಬಗಳ ಪಟ್ಟಿ, ಫೋನಿನಲ್ಲಿ ಒಂದರ ಕೆಳಗೊಂದು ಚೀಟಿ. ಪುಟದ ತಲೆಯಲ್ಲಿ ವ್ಯೂಪೋರ್ಟ್ ಸಾಲು ಬರೆಯಲು ಮರೆಯಬೇಡಿ, ಮರೆತರೆ ಫೋನ್ ಇಡೀ ಪುಟವನ್ನು ಕಂಪ್ಯೂಟರ್ ಅಗಲದಲ್ಲೇ ಕುಗ್ಗಿಸಿ ತೋರಿಸುತ್ತದೆ. ಭಾಷೆ ಕನ್ನಡ ಎಂದು ಎಚ್‌ಟಿಎಂಎಲ್ ಟ್ಯಾಗ್‌ನಲ್ಲೇ ಹೇಳಬೇಕು. ಪರದೆಯನ್ನು ಗಟ್ಟಿಯಾಗಿ ಓದಿ ಹೇಳುವ ತಂತ್ರಾಂಶ ಸರಿಯಾದ ದನಿ ಆರಿಸಿಕೊಳ್ಳುವುದು ಅದನ್ನು ನೋಡಿಯೇ.

ಚಿತ್ರ ತಿದ್ದಲು ಗಿಂಪ್, ಲಾಂಛನ ಬರೆಯಲು ಇಂಕ್‌ಸ್ಕೇಪ್ ಸಾಕು, ಎರಡಕ್ಕೂ ಹಣ ಕೊಡಬೇಕಿಲ್ಲ. ಆದರೆ ಪಟ್ಟಿಯನ್ನೇ ಚಿತ್ರವಾಗಿ ಮಾಡಿ ಹಾಕಬೇಡಿ. ಚಿತ್ರವಾದರೆ ತಮ್ಮೂರಿನ ಹೆಸರನ್ನು ಹುಡುಕಿ ನೋಡಲು ಯಾರಿಗೂ ಆಗುವುದಿಲ್ಲ.

ಪುಟ ಮುಗಿದ ಮೇಲೆ ಹಳೆಯದೊಂದು ಫೋನಿನಲ್ಲಿ ತೆರೆದು, ಬಿಸಿಲಿನಲ್ಲಿ ನಿಂತು, ಆಟದ ಹುಚ್ಚಿರುವ ಹಿರಿಯರೊಬ್ಬರ ಕೈಗೆ ಕೊಡಿ. ‘ಇವತ್ತು ಆಟ ಎಲ್ಲಿ ಅಂತ ನೋಡಿ ಹೇಳ್ತೀರಾ?’ ಎಂದಷ್ಟೇ ಕೇಳಿ ಸುಮ್ಮನಿರಿ. ಅವರ ಬೆರಳು ಮೊದಲು ಎಲ್ಲಿಗೆ ಹೋಯಿತು, ಎಲ್ಲಿ ತಡೆಯಿತು ಎಂದು ನಿಮ್ಮ ಹಾಳೆಯ ಮೇಲೆ ಗುರುತು ಮಾಡಿಕೊಳ್ಳಿ. ಬೆರಳು ಮೊದಲು ಹೋದ ಜಾಗಕ್ಕೆ ಊರಿನ ಹೆಸರನ್ನು ತಂದು, ಮರುದಿನ ಇನ್ನೊಬ್ಬರ ಕೈಗೆ ಕೊಡಿ.