‘ಇದೇ ಥರದ್ದು ಇನ್ನೊಂದು ಕೊಡಿ ಸಾರ್!’

ನಮ್ಮ ಹೈಸ್ಕೂಲಿನಲ್ಲಿ ಗ್ರಂಥಾಲಯವೆಂದರೆ ಸ್ಟಾಫ್ ರೂಮಿನ ಮೂಲೆಯಲ್ಲಿರುವ ಎರಡು ಕಬ್ಬಿಣದ ಬೀರುಗಳು. ಅವುಗಳ ಬೀಗದ ಕೈ ಹದಿನೆಂಟು ವರ್ಷಗಳಿಂದ ನನ್ನ ಬಳಿ ಇದೆ. ವಿಜ್ಞಾನದ ಮೇಷ್ಟ್ರಿಗೆ ಈ ಕೆಲಸ ಹೇಗೆ ಬಂತೆಂದು ಕೇಳಬೇಡಿ. ಪ್ರಯೋಗಾಲಯದ ಬೀಗದ ಕೈ ಹೇಗೂ ನನ್ನಲ್ಲಿತ್ತು, ಇದನ್ನೂ ಅದೇ ಗೊಂಚಲಿಗೆ ಸೇರಿಸಿದರು, ಅಷ್ಟೇ.

ಆರೇಳು ವರ್ಷಗಳ ಹಿಂದೆ ಒಂಬತ್ತನೇ ತರಗತಿಯ ಹುಡುಗನೊಬ್ಬ ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೊ’ ತೆಗೆದುಕೊಂಡು ಹೋದ. ಕೊನೆಯ ಬೆಂಚಿನವನು. ಅಂಕಪಟ್ಟಿಯಲ್ಲಿ ಕೆಂಪು ಶಾಯಿಯೇ ಹೆಚ್ಚು. ನಾಲ್ಕೇ ದಿನಕ್ಕೆ ಓದಿ ಮುಗಿಸಿ ಬಂದು, “ಸಾರ್, ಇದೇ ಥರದ್ದು ಇನ್ನೊಂದು ಕೊಡಿ” ಎಂದ. ನನಗೋ ಹಿಗ್ಗು. ಕಾಡಿನ ಕಥೆಯಿರುವ ಇನ್ನೊಂದು ದಪ್ಪ ಕಾದಂಬರಿ ಹುಡುಕಿ ಕೊಟ್ಟೆ. ಎರಡನೇ ದಿನವೇ ಅದನ್ನು ನನ್ನ ಮೇಜಿನ ಮೇಲಿಟ್ಟು ಹೋದವನು ಆ ವರ್ಷವೆಲ್ಲ ಬೀರುವಿನ ಕಡೆ ತಲೆ ಹಾಕಲಿಲ್ಲ.

‘ಇದೇ ಥರದ್ದು’ ಎಂದರೆ ಯಾವ ಥರದ್ದು? ಈ ಪ್ರಶ್ನೆಯನ್ನು ಕಂಪ್ಯೂಟರಿನ ಮುಂದಿಟ್ಟು ಅರ್ಧ ಶತಮಾನವಾಗುತ್ತ ಬಂತು.

1979ರಲ್ಲಿ ಅಮೆರಿಕದ ಎಲೈನ್ ರಿಚ್ ಎಂಬ ವಿಜ್ಞಾನಿ ‘ಗ್ರಂಡಿ’ ಎಂಬ ಪ್ರೋಗ್ರಾಮು ಬರೆದರು. ಅದು ಗ್ರಂಥಪಾಲಕನಂತೆ ಓದುಗನನ್ನು ಮಾತನಾಡಿಸಿ, ಆತ ತನ್ನನ್ನು ಬಣ್ಣಿಸಿಕೊಂಡ ಪದಗಳಿಂದ ಅವನು ಯಾವ ಜಾತಿಯ ಓದುಗನೆಂದು ಊಹಿಸಿ, ಕಾದಂಬರಿಯ ಹೆಸರು ಸೂಚಿಸುತ್ತಿತ್ತು. ಮುಂದೆ ಪುಸ್ತಕ ಮಾರುವ ಕಂಪನಿಗಳು ಇದಕ್ಕಿಂತ ಸುಲಭದ ದಾರಿ ಹಿಡಿದವು. ಈ ಪುಸ್ತಕ ಕೊಂಡವರು ಅದನ್ನೂ ಕೊಂಡರು ಎಂದು ಅಮೆಜಾನ್ ತೋರಿಸುತ್ತದಲ್ಲ, ಅದೇ. ಅದರ ಲೆಕ್ಕಾಚಾರವನ್ನು ಆ ಕಂಪನಿಯ ಎಂಜಿನಿಯರುಗಳು 2003ರಲ್ಲಿ ಲೇಖನವಾಗಿಯೇ ಪ್ರಕಟಿಸಿದರು. ಸ್ವಾರಸ್ಯವೆಂದರೆ ಈ ವಿಧಾನದಲ್ಲಿ ಯಂತ್ರ ಪುಸ್ತಕದ ಒಂದಕ್ಷರವನ್ನೂ ಓದಬೇಕಿಲ್ಲ. ಸಂತೆಯಲ್ಲಿ ಯಾವ ಅಂಗಡಿಯ ಮುಂದೆ ಜನ ಜಾಸ್ತಿ ಎಂದು ನೋಡಿಕೊಂಡರೆ ಸಾಕು.

ಜನ ಸೇರಿದ ಕಡೆಗೇ ಇನ್ನಷ್ಟು ಜನರನ್ನು ಕಳಿಸುವುದರಲ್ಲಿ ಒಂದು ತೊಂದರೆಯಿದೆ. ಯಾರೂ ಕೊಳ್ಳದ ಪುಸ್ತಕದ ಬಗ್ಗೆ ಈ ಯಂತ್ರಕ್ಕೆ ಏನೂ ಗೊತ್ತಾಗುವುದಿಲ್ಲ. ಗೊತ್ತಾಗದ್ದನ್ನು ಅದು ಯಾರಿಗೂ ತೋರಿಸುವುದಿಲ್ಲ, ತೋರಿಸದ್ದನ್ನು ಯಾರೂ ಕೊಳ್ಳುವುದಿಲ್ಲ! ಸಾವಿರ ಪ್ರತಿ ಅಚ್ಚಾಗಿ, ಅದರಲ್ಲೂ ಕಾಲುಭಾಗ ಕಟ್ಟು ಬಿಚ್ಚದೆ ಉಳಿಯುವ ಕನ್ನಡ ಪುಸ್ತಕದ ಗತಿಯೇನು? ನನ್ನ ಬೀರುವಿನ ಕೆಳ ಅಂಕಣದಲ್ಲಿ ತಾರೀಖಿನ ಒಂದು ಮೊಹರೂ ಬೀಳದ ಪುಸ್ತಕಗಳಿವೆ. ಅವೆಲ್ಲ ಕೆಟ್ಟ ಪುಸ್ತಕಗಳಲ್ಲ.

ಪ್ರತಿ ಓದುಗನಿಗೂ ಅವನ ಪುಸ್ತಕ ಸಿಗಬೇಕು, ಹಾಗೆಯೇ ಪ್ರತಿ ಪುಸ್ತಕಕ್ಕೂ ಅದರ ಓದುಗ ಸಿಗಬೇಕು ಎಂಬ ಸೂತ್ರಗಳನ್ನು 1931ರಷ್ಟು ಹಿಂದೆಯೇ ಕೊಟ್ಟವರು ಎಸ್.ಆರ್. ರಂಗನಾಥನ್. ಅವರು ಮೊದಲು ಗಣಿತದ ಮೇಷ್ಟ್ರು, ಮಂಗಳೂರಿನ ಸರ್ಕಾರಿ ಕಾಲೇಜಿನಲ್ಲೂ ಪಾಠ ಹೇಳಿದವರು. 1924ರಲ್ಲಿ ಮದ್ರಾಸು ವಿಶ್ವವಿದ್ಯಾಲಯದ ಗ್ರಂಥಪಾಲಕರಾದರು. ಕೊನೆಗಾಲವನ್ನು ಬೆಂಗಳೂರಿನಲ್ಲಿ ಕಳೆದು 1972ರಲ್ಲಿ ತೀರಿಕೊಂಡರು. ಮಂದಿ ಕೊಂಡದ್ದನ್ನೇ ತೋರಿಸುವ ಯಂತ್ರ ಅವರ ಎರಡನೆಯ ಮಾತನ್ನು ಪಾಲಿಸಲಾರದು. ಅದಕ್ಕೆ ಪುಸ್ತಕವನ್ನೇ ತೆರೆದು ನೋಡುವ ಯಂತ್ರ ಬೇಕು.

ಯಂತ್ರ ನೋಡುವುದೆಂದರೆ ಎಣಿಸುವುದು. ಐಬಿಎಂ ಕಂಪನಿಯಲ್ಲಿದ್ದ ಹಾನ್ಸ್ ಪೀಟರ್ ಲೂನ್ 1958ರಲ್ಲಿ ಒಂದು ಸರಳ ಸಂಗತಿ ಹೇಳಿದರು. ಬರಹದಲ್ಲಿ ವಿಪರೀತ ಸಲ ಬರುವ ಪದಗಳೂ, ತೀರ ಅಪರೂಪಕ್ಕೆ ಬರುವ ಪದಗಳೂ ಅದರ ವಿಷಯವೇನೆಂದು ತಿಳಿಸುವುದಿಲ್ಲ. ನಡುವಿನವು ತಿಳಿಸುತ್ತವೆ. ರಂಗನಾಥನ್ ತೀರಿಕೊಂಡ ವರ್ಷವೇ ಇಂಗ್ಲೆಂಡಿನ ಕರೆನ್ ಸ್ಪಾರ್ಕ್ ಜೋನ್ಸ್ ಎಂಬಾಕೆ ಇದಕ್ಕೆ ಇನ್ನೊಂದು ತೂಕದ ಬಟ್ಟು ಸೇರಿಸಿದರು. ಒಂದು ಪದ ಎಷ್ಟು ಕಡಿಮೆ ಪುಸ್ತಕಗಳಲ್ಲಿ ಬರುತ್ತದೋ ಅಷ್ಟು ಹೆಚ್ಚು ತೂಕ.

ಇದನ್ನು ಹತ್ತನೇ ತರಗತಿ ಮಕ್ಕಳಿಗೂ ಹೇಳಬಹುದು. ನಮ್ಮ ಬೀರುಗಳಲ್ಲಿ 400 ಪುಸ್ತಕಗಳಿವೆ ಎನ್ನಿ. ‘ಮತ್ತು’ ಎಂಬ ಪದ 400ರಲ್ಲೂ ಇದೆ. 400ನ್ನು 400ರಿಂದ ಭಾಗಿಸಿದರೆ 1. ಅದರ ಲಾಗರಿದಮ್ ಸೊನ್ನೆ, ತೂಕವೂ ಸೊನ್ನೆ. ‘ಕಾಡು’ 40 ಪುಸ್ತಕಗಳಲ್ಲಿದ್ದರೆ ಭಾಗಲಬ್ಧ 10, ಲಾಗ್ 1. ‘ಜೇನು’ ನಾಲ್ಕೇ ಪುಸ್ತಕಗಳಲ್ಲಿದ್ದರೆ ಭಾಗಲಬ್ಧ 100, ಲಾಗ್ 2. ಕಾಡಿಗಿಂತ ಜೇನು ಎರಡರಷ್ಟು ತೂಕ! ಲಾಗ್ ಟೇಬಲ್ ಯಾಕೆ ಕಲಿಯಬೇಕು ಸಾರ್ ಎನ್ನುವವರಿಗೆ ನಾನೀಗ ಕೊಡುವ ಉತ್ತರ ಇದು.

ಹೀಗೆ ತೂಗಿದ ಮೇಲೆ ಪ್ರತಿ ಪುಸ್ತಕವೂ ಒಂದು ಬಾಣವಾಗುತ್ತದೆ. 1975ರಲ್ಲಿ ಕಾರ್ನೆಲ್ ವಿಶ್ವವಿದ್ಯಾಲಯದ ಗೆರಾರ್ಡ್ ಸಾಲ್ಟನ್ ಮತ್ತು ಸಂಗಡಿಗರು ವಿವರಿಸಿದ ವಿಧಾನ ಇದು. ಗ್ರಾಫ್ ಹಾಳೆಯಲ್ಲಿ ಅಡ್ಡಕ್ಕೆ ಕಾಡು, ಉದ್ದಕ್ಕೆ ಜೇನು ಎಂದುಕೊಳ್ಳಿ. ಒಂದು ಪುಸ್ತಕಕ್ಕೆ ಕಾಡಿನಿಂದ 3, ಜೇನಿನಿಂದ 4 ಬಂತು. ಇನ್ನೊಂದು ದಪ್ಪ ಪುಸ್ತಕಕ್ಕೆ 30 ಮತ್ತು 40 ಬಂತು. ಗಾತ್ರ ಬೇರೆಯಾದರೂ ಎರಡು ಬಾಣಗಳೂ ಒಂದೇ ದಿಕ್ಕಿಗಿವೆ, ನಡುವಿನ ಕೋನ ಸೊನ್ನೆ. ಬರೀ ಜೇನಿನ ಮಾತೇ ಇರುವ ಮೂರನೆಯದು ಮೊದಲನೆಯದರಿಂದ ಸುಮಾರು 37 ಡಿಗ್ರಿ ದೂರ. ಪೈಥಾಗೊರಸನ 3-4-5 ತ್ರಿಕೋನ ಬರೆದು ನೋಡಿ. ಕೋನ ಕಿರಿದಾದಷ್ಟೂ ಪುಸ್ತಕಗಳು ಒಂದೇ ‘ಥರ’. ನಿಜವಾದ ಲೆಕ್ಕದಲ್ಲಿ ಪದಕ್ಕೊಂದರಂತೆ ಸಾವಿರಾರು ಅಕ್ಷಗಳಿರುತ್ತವೆ. ಅದು ಹಾಳೆಯ ಮೇಲೆ ಬಾರದು, ಯಂತ್ರಕ್ಕೆ ಕಷ್ಟವಿಲ್ಲ.

ಒಂದು ಶನಿವಾರ ಮಕ್ಕಳೊಂದಿಗೆ ಕೂತು ಇದನ್ನು ಕೈಯಲ್ಲೇ ಮಾಡಿ ನೋಡಿದೆ. ಐದು ಪುಸ್ತಕ, ಒಂದೊಂದರಿಂದ ನಾಲ್ಕು ಪುಟ, ಕಾಗದದ ಚೀಟಿಗಳು. ‘ಕರ್ವಾಲೊ’ಗೆ ತೀರ ಹತ್ತಿರದ್ದೆಂದು ಬಂದದ್ದು ಜೇನು ಸಾಕಣೆಯ ಕೈಪಿಡಿ! ಪೆಟ್ಟಿಗೆ, ಗೂಡು, ರಾಣಿನೊಣ ಎಲ್ಲ ಸರಿಯಾಗಿಯೇ ಇತ್ತು. ಮಕ್ಕಳು ಬಿದ್ದು ಬಿದ್ದು ನಕ್ಕರು. ಆದರೆ ನನ್ನ ತಲೆಯಲ್ಲಿ ಉಳಿದದ್ದು ಇನ್ನೊಂದು ಅಂಕಿ. ‘ಮಂದಣ್ಣ’ ಎಂಬ ಹೆಸರು ನಮ್ಮ ಬೀರುವಿನ ಒಂದೇ ಪುಸ್ತಕದಲ್ಲಿದೆ ಎಂದಿಟ್ಟುಕೊಂಡರೆ ಅದರ ತೂಕ 400ರ ಲಾಗ್, ಅಂದರೆ 2.6. ಎಲ್ಲಕ್ಕಿಂತ ಹೆಚ್ಚು. ಬೇರೆ ಯಾವ ಪುಸ್ತಕದಲ್ಲೂ ಇಲ್ಲದ ಕಾರಣ ಹೋಲಿಕೆಗೆ ಮಾತ್ರ ಅದು ನಿಷ್ಪ್ರಯೋಜಕ.

ಆ ಕೊನೆಯ ಬೆಂಚಿನ ಹುಡುಗ ಟಿ.ಸಿ. ತೆಗೆದುಕೊಳ್ಳಲು ಬಂದ ದಿನ ನಾನು ಕೇಳಿಯೇ ಬಿಟ್ಟಿದ್ದೆ: “ಅಲ್ಲಯ್ಯಾ, ಕಾಡಿನ ಪುಸ್ತಕ ತಾನೇ ಕೇಳಿದ್ದು ನೀನು?” ಅವನು ಗೋಡೆ ನೋಡುತ್ತ ಹೇಳಿದ: “ಕಾಡಿಗಲ್ಲ ಸಾರ್. ಮಂದಣ್ಣನ್ನ ಊರಲ್ಲಿ ಯಾರೂ ಲೆಕ್ಕಕ್ಕಿಡಲ್ಲ. ಅಷ್ಟು ದೊಡ್ಡ ವಿಜ್ಞಾನಿ ಅವನ ಮಾತು ಕೇಳ್ತಾರಲ್ಲ ಸಾರ್... ಅದಕ್ಕೆ.”

ಹದಿನೈದು ವರ್ಷದ ಹುಡುಗ ‘ಇದೇ ಥರ’ ಎಂದದ್ದು ಇದನ್ನು. ನಾನು ಕೊಟ್ಟದ್ದು ಮರಗಿಡಗಳನ್ನು. ಪದ ಎಣಿಸುವ ಯಂತ್ರವನ್ನು ನೋಡಿ ನಗುವ ಮುಖ ನನಗಿಲ್ಲ, ನಾನೂ ಅದನ್ನೇ ಮಾಡಿದ್ದೆ, ಎಣಿಸದೆ.

ಪದಗಳಾಚೆಗೆ ಹೋಗುವ ಯತ್ನಗಳೂ ನಡೆದಿವೆ. ಬರೆಯುವವರ ಧಾಟಿಯನ್ನು ಅಂಕಿಗಿಳಿಸುವುದು ಹೊಸತೇನಲ್ಲ. ಭೌತವಿಜ್ಞಾನಿ ಮೆಂಡೆನ್‌ಹಾಲ್ 1887ರಲ್ಲೇ ಡಿಕನ್ಸ್, ಥ್ಯಾಕರೆ ಮೊದಲಾದವರ ಪದಗಳ ಉದ್ದ ಅಳೆದು ನಕ್ಷೆ ಬರೆದಿದ್ದರು. ನಮ್ಮ ಕಾಲದಲ್ಲಿ ಅಮೆರಿಕದ ಐಡಾಹೊ ರಾಜ್ಯದ ಆರನ್ ಸ್ಟಾಂಟನ್ ಎಂಬ ತರುಣ ‘ಬುಕ್‌ಲ್ಯಾಂಪ್’ ಎಂಬ ಸಂಸ್ಥೆ ಕಟ್ಟಿದರು. ಕಾದಂಬರಿಯನ್ನು ತುಣುಕು ತುಣುಕಾಗಿಸಿ ಎಲ್ಲಿ ಸಂಭಾಷಣೆ ಹೆಚ್ಚು, ಎಲ್ಲಿ ವರ್ಣನೆ, ಓಟ ಎಲ್ಲಿ ಬಿರುಸು ಎಂದು ಕಂಪ್ಯೂಟರಿನಿಂದ ಅಳೆಸಿ, ಪುಸ್ತಕದ ‘ಜೀನೋಮ್’ ಎಂದರು. ಎಷ್ಟು ಪ್ರತಿ ಮಾರಾಟವಾಯಿತೆಂಬ ಗೊಡವೆ ಅದಕ್ಕೆ ಬೇಡ. ಹೆಸರಿಲ್ಲದ ಲೇಖಕನೂ ಹೆಸರಾಂತನ ಪಕ್ಕದಲ್ಲಿ ಕೂರಬಹುದಿತ್ತು. ಆಪಲ್ ಕಂಪನಿ ಇದನ್ನು ಕೊಂಡ ಸುದ್ದಿ 2014ರಲ್ಲಿ ಹೊರಬಿತ್ತು, ಅಷ್ಟರಲ್ಲಿ ಬುಕ್‌ಲ್ಯಾಂಪಿನ ಬಾಗಿಲು ಓದುಗರಿಗೆ ಮುಚ್ಚಿತ್ತು.

ಕನ್ನಡಕ್ಕೆ ಇಂಥದ್ದು ಬರಲಿ ಎಂದರೆ ಮೊದಲ ಮೆಟ್ಟಿಲಲ್ಲೇ ಎಡವುತ್ತೇವೆ. ಇಂಗ್ಲಿಷಿನಲ್ಲಿ ಮರ ಒಂದೇ ಪದ, ಹೆಚ್ಚೆಂದರೆ ಎರಡು. ನಮ್ಮಲ್ಲಿ ಮರ, ಮರದ, ಮರಕ್ಕೆ, ಮರದಲ್ಲಿ, ಮರಗಳಿಂದ, ಮರವೂ, ಮರವೇರಿ... ಯಂತ್ರಕ್ಕೆ ಇವೆಲ್ಲ ಬೇರೆ ಬೇರೆ ಪದಗಳು. ಬಾಲ ಕತ್ತರಿಸಿ ಬುಡ ಉಳಿಸಿಕೋ ಎಂದು ಹೇಳಿದಿರೋ, ‘ಕಾಡಿನ ದಾರಿ’ಯೂ ‘ಕಾಡಿದ ನೆನಪೂ’ ಒಂದೇ ಬುಡಕ್ಕೆ ಬಂದು ನಿಲ್ಲುತ್ತವೆ. ವಿರಹದ ಕಾದಂಬರಿಯನ್ನು ಅರಣ್ಯದ ಪುಸ್ತಕಗಳ ಸಾಲಿಗೆ ಸೇರಿಸಿದರೆ ಯಂತ್ರವನ್ನೇಕೆ ಬೈಯಬೇಕು? ಇನ್ನು ಯೂನಿಕೋಡ್ ಬಳಕೆಗೆ ಮುಂಚೆ ಡಿ.ಟಿ.ಪಿ. ಮಾಡಿದ ಪುಸ್ತಕಗಳ ಕಡತ ತೆರೆದರೆ ಕಂಪ್ಯೂಟರಿಗೆ ಕಾಣುವುದು ಕನ್ನಡವೇ ಅಲ್ಲ, ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ. ಮೊಳೆ ಜೋಡಿಸಿ ಅಚ್ಚು ಹಾಕಿದ ಕಾಲದವಂತೂ ಕಾಗದದಲ್ಲೇ ಉಳಿದಿವೆ. ಎಣಿಕೆಗೇ ಸಿಗದ ಪುಸ್ತಕವನ್ನು ಯಾವ ಜಾಣ ಯಂತ್ರವೂ ಶಿಫಾರಸು ಮಾಡದು. ಈ ವ್ಯಾಕರಣದ ಕೆಲಸ, ಈ ಅಕ್ಷರದ ಕೆಲಸ ನಮ್ಮವರೇ ಮಾಡಬೇಕಾದದ್ದು.

ಇಂದಿನ ಮಾತಾಡುವ ಯಂತ್ರಗಳು ಎಣಿಕೆಯನ್ನು ಮೀರಿ ಬಹಳ ಮುಂದೆ ಹೋಗಿವೆ, ನಿಜ. ಪದದ ಅರ್ಥವನ್ನು ಅದರ ಅಕ್ಕಪಕ್ಕದ ಪದಗಳಿಂದ ಕಲಿಯುತ್ತವೆ. ‘ಯಾರೂ ಲೆಕ್ಕಕ್ಕಿಡದವನ ಮಾತನ್ನು ದೊಡ್ಡವರು ಕೇಳುವ ಕಥೆ ಬೇಕು’ ಎಂದರೆ ಒಂದಷ್ಟು ಹೆಸರು ಹೇಳಿಯೂ ಹೇಳುತ್ತವೆ. ಆದರೆ 2025ರ ಮೇ ತಿಂಗಳಲ್ಲಿ ಅಮೆರಿಕದ ‘ಷಿಕಾಗೊ ಸನ್-ಟೈಮ್ಸ್’ ಪತ್ರಿಕೆಯ ವಿಶೇಷ ಪುರವಣಿಯಲ್ಲಿ ಬೇಸಿಗೆಗೆ ಓದಬೇಕಾದ 15 ಪುಸ್ತಕಗಳ ಪಟ್ಟಿ ಬಂತು. ಹೊರಗಿನ ಬರಹಗಾರರೊಬ್ಬರು ಇಂಥ ಯಂತ್ರದ ನೆರವಿನಿಂದ ತಯಾರಿಸಿದ್ದು. ಲೇಖಕರೆಲ್ಲ ನಿಜವಾದವರೇ, ಪುಸ್ತಕಗಳಲ್ಲಿ ಮಾತ್ರ ಹತ್ತು ಹುಟ್ಟಿಯೇ ಇರಲಿಲ್ಲ! ಇಲ್ಲದ ಪುಸ್ತಕವನ್ನು ಹೊಗಳುವ ಗ್ರಂಥಪಾಲಕನಿಗಿಂತ ಜೇನಿನ ಕೈಪಿಡಿ ಕೊಟ್ಟ ನಮ್ಮ ಚೀಟಿಗಳೇ ವಾಸಿ. ಕೈಪಿಡಿ ಬೀರುವಿನಲ್ಲಾದರೂ ಇತ್ತು. ಅಂದು ನಕ್ಕವರಲ್ಲಿ ಒಬ್ಬಳು ಅದನ್ನು ಮನೆಗೆ ಒಯ್ದಿದ್ದಾಳೆ, ಮೂರು ವಾರವಾಯಿತು.

ಹೋದ ಜೂನಿನಿಂದ ಪುಸ್ತಕ ಕೊಡುವ ರಿಜಿಸ್ಟರಿನಲ್ಲಿ ಸ್ಕೇಲು ಹಿಡಿದು ಇನ್ನೊಂದು ಗೆರೆ ಎಳೆದಿದ್ದೇನೆ. ವಾಪಸು ಕೊಟ್ಟ ತಾರೀಖಿನ ಪಕ್ಕ, ‘ಯಾಕೆ ಹಿಡಿಸಿತು?’ ಎಂಬ ಕಾಲಂ. ಬಹುಪಾಲು ಮಕ್ಕಳು ‘ಚೆನ್ನಾಗಿದೆ’ ಎಂದು ಬರೆದು ಓಡುತ್ತಾರೆ. ಎಂಟನೇ ತರಗತಿಯವಳೊಬ್ಬಳು ಕಳೆದ ವಾರ ‘ಅಜ್ಜಿ ಸುಳ್ಳು ಹೇಳುತ್ತಾಳೆ, ಅದಕ್ಕೆ’ ಎಂದು ಬರೆದಿದ್ದಾಳೆ. ಕೆಳ ಅಂಕಣದ ಪುಸ್ತಕಗಳನ್ನು ಒಂದೊಂದಾಗಿ ತೆಗೆದು, ಸುಳ್ಳು ಹೇಳುವ ಅಜ್ಜಿ ಇನ್ನೆಲ್ಲಾದರೂ ಇದ್ದಾಳೆಯೇ ಎಂದು ಹುಡುಕುತ್ತಿದ್ದೇನೆ.